ಸಾಹೇಬರ ನೆತ್ತಿಯ ಮೇಲಿನ ಗಾಜು

ದೊರೆಗಳ ಕಾಲದಲ್ಲಿ ಸಸ್ಯತೋಟದ ಗಾಜಿನ ಮನೆಗೆ ಮೊದಲ ಗಾಜು ಕೂರಿಸಿದ್ದೇ ತಾನು ಎಂದ ಮುದಿಮಾಲಿ ಮುನಿಯಲ್ಲಪ್ಪ. ಅಲ್ಲವೆನ್ನಲು ಆ ಕಾಲದವರು ಒಬ್ಬರೂ ಉಳಿದಿರಲಿಲ್ಲ. ಗೇಟಿನ ಬಳಿ ಹೂ ಕಟ್ಟುತ್ತಿದ್ದ ಸಂಪಂಗಮ್ಮ ಹೂಂಗುಟ್ಟಿದಳು.

ಆದರೆ ಆ ಮನೆಯ ದುರಸ್ತಿಗೆ ಬಂದ ಸಾಹೇಬರನ್ನು ನೆನೆದರೆ ಅವನಿಗೆ ಈಗಲೂ ಮೈಯೆಲ್ಲ ಉರಿ. ಆ ಕಥೆಯನ್ನೂ ಅವಳಿಗೆ ಹೇಳತೊಡಗಿದ. ಬೇಸಿಗೆಯಲ್ಲಿ ಜರೀಗಿಡಗಳು ಸುಡದಿರಲೆಂದು ಗಾಜಿಗೆ ತೆಳುವಾಗಿ ಸುಣ್ಣ ಬಳಿಯುವುದು ತೋಟದ ಪದ್ಧತಿ. ಸಾಹೇಬರು ಅದನ್ನು ಹೊಲಸು ಎಂದುಬಿಟ್ಟರು!

"ಸೋಮವಾರ ಉದ್ಘಾಟನೆ. ಎಲ್ಲ ಕೆರೆದು ಫಳಫಳ ಅನ್ನಿಸು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು."

"ಗಿಡ ಸಾಯ್ತವೆ ಸ್ವಾಮಿ."

"ನನಗೇ ಪಾಠ ಹೇಳ್ತೀಯೇನಯ್ಯಾ?"

ಮುನಿಯಲ್ಲಪ್ಪ ಹಲ್ಲು ಕಚ್ಚಿಕೊಂಡು ಏಣಿ ಹತ್ತಿದ. ಸಾಹೇಬರು ಒಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ ಜಾಗದ ಮೇಲಿನ ಗಾಜನ್ನಷ್ಟೇ ಕೆರೆದ.

"ಮೊದಲು ತಮ್ಮ ಜಾಗ ಸ್ವಾಮಿ. ಕೂತು ನೋಡಿ ಒಪ್ಪಿದರೆ ಉಳಿದದ್ದು."

ಮಟಮಟ ಮಧ್ಯಾಹ್ನ. ಸಾಹೇಬರ ಬೋಳುತಲೆ ಕಾದ ಕಾವಲಿಯಾಯಿತು. ಬೆವರು ಒರೆಸಿಕೊಳ್ಳುತ್ತ ಕುರ್ಚಿ ಸರಿಸಲು ಎದ್ದರು. ಮುನಿಯಲ್ಲಪ್ಪ ಕುರ್ಚಿಯನ್ನು ಅಲ್ಲೇ ಹಿಡಿದುಕೊಂಡ.

"ಗಿಡಕ್ಕೆ ಕಾಲಿಲ್ಲ ಸ್ವಾಮಿ. ಅದರ ಹಾಗೆ ಕೂತೇ ನೋಡಬೇಕು."

ಸಾಹೇಬರು ಮತ್ತೆ ಕೂತು ಇನ್ನೊಂದು ಗಳಿಗೆ ತಡೆದುಕೊಂಡರು. ಆಮೇಲೆ ಕಿರುಚಿದರು. "ಬಳಿಯಯ್ಯಾ ಸುಣ್ಣ!"

"ಆ ಹೊಲಸನ್ನೇ ಸ್ವಾಮಿ?"

"ಅದನ್ನೇ! ಅದನ್ನೇ ಬಳಿ!"

ಇಷ್ಟು ಹೇಳಿ ಮುನಿಯಲ್ಲಪ್ಪ ತೊಡೆ ತಟ್ಟಿದ. "ಅಂತ ಕೂಗ್ತಾ ಎರಡೂ ಕೈಯಲ್ಲಿ ತಲೆಗೂದಲು ಕಿತ್ಕೊಂಡ್ರು ಕಣವ್ವಾ!"

ಸಂಪಂಗಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು. "ಬೋಳುತಲೆ ಅಂದ್ಯಲ್ಲ ತಾತ, ಈಗತಾನೇ?"

ಮುನಿಯಲ್ಲಪ್ಪ ಭುಜ ಕುಣಿಸಿದ.

"ಗಾಜಿನ ಮನೆ ಕಣವ್ವಾ. ಅದರೊಳಗೆ ಏನು ಬೇಕಾದ್ರೂ ಬೆಳೀತದೆ."