ಹನ್ನೆರಡು ಚುಕ್ಕೆ, ಹದಿನಾಲ್ಕು ಚುಕ್ಕೆ

“ಗುರುಗಳೇ, ಸಿಟ್ಟಿನ ವಿಷಯದಲ್ಲಿ ಕಲಿಯುವುದನ್ನೆಲ್ಲ ಕಲಿತಾಯಿತು. ಆದರೂ ಅದು ಯಾಕೆ ನನ್ನನ್ನು ಬಿಡುತ್ತಿಲ್ಲ?” ಎಂದು ಕರಿಬಸವ ಕೇಳಿದ.

ಕರಿಬಸವ ಮಠಕ್ಕೆ ಬಂದು ಆರು ವರ್ಷವಾಗಿತ್ತು. ಸಿಟ್ಟಿನಲ್ಲಿ ಹತ್ತೊಂಬತ್ತು ಬಗೆಯೆಂದು ಓದಿ ಬಾಯಿಪಾಠ ಮಾಡಿದ್ದ. ಕಣ್ಣು ಕೆಂಪಾಗಿಸುವುದು ಯಾವುದು, ನಾಲಗೆ ಕಟ್ಟಿಹಾಕುವುದು ಯಾವುದು, ಮೂರು ದಿನ ಉಳಿಯುವುದು ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಅಷ್ಟೆಲ್ಲ ಬಲ್ಲವನು ಆ ಬೆಳಿಗ್ಗೆ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಮುದುಕಿಯ ಮುಂದೆ ತಟ್ಟೆ ಎಸೆದು ಬಂದಿದ್ದ. ಮುದುಕಿ ಬಗ್ಗಿ ತಟ್ಟೆ ಎತ್ತಿಕೊಂಡು ಒಲೆಯ ಕಡೆಗೆ ತಿರುಗಿದ್ದಳು. ಅದರಿಂದ ಅವನಿಗೆ ಇನ್ನಷ್ಟು ರೇಗಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಹೆಂಗಸಿಗೆ ಮನೆಯ ಹಿಂದೆ ನಾಲ್ಕು ಅಮಟೆ ಮರಗಳಿದ್ದವು. ಕಾಯಿ ಕಿತ್ತು ಉಪ್ಪಿನಕಾಯಿ ಹಾಕಿ ಸಂತೆಯಲ್ಲಿ ಮಾರುತ್ತಿದ್ದಳು. ಅವಳ ಹೊಟ್ಟೆಪಾಡು ಅದೇ. ಒಂದು ಮಳೆಗಾಲದಲ್ಲಿ ಮರಗಳಿಗೆ ಜೀರುಂಡೆ ಬಿತ್ತು. ಹುಣಸೆಬೀಜದಷ್ಟು ದಪ್ಪ, ಕಂದು ಬೆನ್ನು, ಬೆನ್ನಿನ ಮೇಲೆ ಕಪ್ಪು ಚುಕ್ಕೆ. ಹಿಡಿಯಲು ಕೈ ಚಾಚಿದರೆ ಚಿಗಟದ ಹಾಗೆ ನೆಗೆಯುತ್ತಿತ್ತು. ಕೆಲವೇ ದಿನಗಳಲ್ಲಿ ಮರಗಳು ಬೋಳಾದವು. ಮತ್ತೆ ಚಿಗುರಿದವು, ಮತ್ತೆ ಬೋಳಾದವು. ಅವಳು ಹೊಗೆ ಹಾಕಿದಳು, ಬೂದಿ ಎರಚಿದಳು, ಬೇವಿನ ನೀರು ಚೆಲ್ಲಿದಳು. ಜೀರುಂಡೆ ನೆಗೆದು ಹೋಯಿತು, ಸಂಜೆಗೆ ಮರಳಿ ಬಂತು. ಮರುವರ್ಷವೂ ಅದೇ ಪಾಡು. ಒಂದು ಮರ ತುದಿಯಿಂದ ಬುಡದವರೆಗೆ ಒಣಗಿತು.

ಪಟ್ಟಣದಲ್ಲಿ ಹುಳಗಳನ್ನು ಬಲ್ಲ ಪಂಡಿತನೊಬ್ಬನಿದ್ದಾನೆಂದು ಯಾರೋ ಹೇಳಿದರು. ಅವಳು ಐದು ಜೀರುಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ಪಂಡಿತ ಹಿಗ್ಗಿಹೋದ. ಒಂದನ್ನು ಮಸೂರದ ಕೆಳಗಿಟ್ಟು ಅದರ ಹಿಂಗಾಲನ್ನು ಬಿಡಿಸಿದ.

“ನೋಡು ತಾಯಿ, ಎಲೆ ತಿನ್ನುವ ಜೀರುಂಡೆಗಳದು ಒಂದು ದೊಡ್ಡ ಕುಲ. ಅದರಲ್ಲಿ ಹೀಗೆ ತೊಡೆ ಉಬ್ಬಿರುವವುಗಳದು ಬೇರೆ ಪಂಗಡ. ಈ ತೊಡೆಯೊಳಗೆ ಬಿಗಿದ ಬಿಲ್ಲಿನಂಥದೊಂದಿದೆ. ಅದು ಬಿಟ್ಟಾಗಲೇ ನೆಗೆತ.”

“ನೋಡಿದೆ ಸ್ವಾಮಿ. ಇದು ಮರ ಬಿಟ್ಟು ಹೋಗುವುದು ಹೇಗೆ?”

“ಅದು ಆಮೇಲಿನ ಮಾತು. ನಾಲ್ಕಕ್ಕೆ ಹದಿನಾಲ್ಕು ಚುಕ್ಕೆಗಳಿವೆ, ಐದನೆಯದಕ್ಕೆ ಹನ್ನೆರಡು. ಇದು ಒಂದು ಜಾತಿಯೋ ಎರಡೋ ಎಂಬುದು ಮೊದಲು ತೀರ್ಮಾನವಾಗಬೇಕು.”

ತೀರ್ಮಾನಕ್ಕೆ ಐದು ಸಾಲಲಿಲ್ಲ. ಪಂಡಿತ ಪೆಟ್ಟಿಗೆ ಹೊತ್ತುಕೊಂಡು ಅವಳ ಊರಿಗೇ ಬಂದ. ಜಗುಲಿಯಲ್ಲಿ ಕೂತು ದಿನಕ್ಕೆ ನಲವತ್ತು ಜೀರುಂಡೆ ಬೇಕೆಂದ. ಅವಳು ಹಿಡಿದು ತಂದಳು. ಅವನು ಸೂಜಿಗೆ ಚುಚ್ಚಿ ಸಾಲಾಗಿ ನಿಲ್ಲಿಸಿದ. ಬಿಸಿನೀರು ಬೇಕೆಂದ, ಎಲೆಯಡಿಕೆ ಬೇಕೆಂದ, ನೆಗೆದು ಹೋದೀತು ಬಾಗಿಲು ಮುಚ್ಚು ಎಂದ. ಇನ್ನೊಂದು ಊರಿನ ಪಂಡಿತನೊಬ್ಬ ಇವು ಎರಡು ಜಾತಿಯೆಂದು ಬರೆದಿದ್ದನಂತೆ. ಅವನನ್ನು ಬೈಯುತ್ತಾ ಇವನು ಪುಟ ತುಂಬಿಸಿದ. ಹಿತ್ತಲಲ್ಲಿ ಮರಗಳು ಮೂರನೆಯ ವರ್ಷವೂ ಬೋಳಾಗುತ್ತಿದ್ದವು. ಅವಳು ಪ್ರತಿದಿನ ಒಂದೇ ಪ್ರಶ್ನೆ ಕೇಳಿದಳು. ಅವನು ಪ್ರತಿದಿನ ಕೈ ಅಡ್ಡ ಹಿಡಿದು, ಎಣಿಕೆ ತಪ್ಪಿಸಬೇಡ ಎಂದ. ಅವಳಿಗೆ ಸಾಕಾಗಿಹೋಯಿತು. ಹುಳ ಮರ ತಿಂದರೆ ಈತ ನನ್ನನ್ನು ತಿನ್ನುತ್ತಿದ್ದಾನೆ ಎಂದು ಒಲೆಯ ಮುಂದೆ ಗೊಣಗಿದಳು.

ಒಂದು ಬೆಳಿಗ್ಗೆ ಅವಳಿಗೆ ಅಮಟೆ ಎಲೆಯೊಂದರ ಮೇಲೆ ಹಿಕ್ಕೆಯ ಗುಡ್ಡೆ ಕಂಡಿತು. ಅದು ಮೆಲ್ಲಗೆ ಸರಿಯುತ್ತಿತ್ತು. ಎಲೆಯನ್ನು ಕಿತ್ತು ಪಂಡಿತನ ಮುಂದೆ ಹಿಡಿದಳು. ಅವನು ಮೂಗು ಮುಚ್ಚಿಕೊಂಡ.

“ಆಚೆ ಎಸೆಯಮ್ಮಾ. ನನಗೆ ಬೇಕಾದದ್ದು ಜೀರುಂಡೆ.”

ಅವಳ ಮೈ ಉರಿಯಿತು. ಅವನು ಎಸೆ ಎಂದದ್ದಕ್ಕೇ ಎಸೆಯಬಾರದು ಎನಿಸಿತು. ಒಂದು ಮಡಕೆಗೆ ಮಣ್ಣು ತುಂಬಿದಳು. ಅಂಥದೇ ಎಲೆಗಳನ್ನು ಹುಡುಕಿ ತಂದು ಮಣ್ಣಿನ ಮೇಲಿಟ್ಟು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದಳು. ಹಿಕ್ಕೆಯನ್ನು ಹುಲ್ಲುಕಡ್ಡಿಯಿಂದ ಸರಿಸಿದಾಗ ಒಳಗೆ ಹಳದಿ ಹುಳವಿತ್ತು. ತನ್ನ ಹಿಕ್ಕೆಯನ್ನು ತಾನೇ ಬೆನ್ನಿಗೆ ಮೆತ್ತಿಕೊಂಡಿತ್ತು. ಹಕ್ಕಿಗಳು ಮುಟ್ಟದೆ ಬಿಟ್ಟದ್ದು ಅದಕ್ಕೇ ಇರಬೇಕು. ಅವಳು ದಿನವೂ ಹೊಸ ಎಲೆ ಹಾಕಿದಳು. ಹುಳಗಳು ತಿಂದು ಕೊಬ್ಬಿದವು. ಆಮೇಲೆ ಒಂದೊಂದಾಗಿ ಹಿಕ್ಕೆ ಕಳಚಿ ಮಣ್ಣಿಗಿಳಿದವು. ಕೆದಕಿ ನೋಡಿದರೆ ಪ್ರತಿಯೊಂದೂ ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಒಂದನ್ನು ಒಡೆದಳು. ಕೈಕಾಲು ಮಡಿಸಿಕೊಂಡ ಮೆತ್ತನೆಯದೇನೋ ಮಲಗಿತ್ತು. ಉಳಿದವನ್ನು ಮುಟ್ಟದೆ ಕಾದಳು.

ಎರಡು ವಾರ ಕಳೆದು ಬಟ್ಟೆ ಬಿಚ್ಚಿದಾಗ ಮಣ್ಣಿನ ಮೇಲೆ ಕಂದು ಜೀರುಂಡೆಯೊಂದು ಕೂತಿತ್ತು. ಚುಕ್ಕೆಗಳು ಹದಿನಾಲ್ಕು. ಬೆರಳು ತಾಗಿಸಿದಳು. ನೆಗೆಯಿತು.

ಅವಳು ಗುದ್ದಲಿ ಹಿಡಿದು ಮರಗಳ ಬುಡಕ್ಕೆ ಹೋದಳು. ಗೇಣುದ್ದ ಅಗೆದರೆ ಸಾಕು, ಹಿಡಿಗಟ್ಟಲೆ ಗೂಡು ಸಿಕ್ಕವು. ಅಗೆದಳು, ಒಡೆದಳು, ಬುಟ್ಟಿಗೆ ಹಾಕಿದಳು. ಹಿಕ್ಕೆ ಹೊತ್ತ ಎಲೆಗಳನ್ನೆಲ್ಲ ಕಿತ್ತು ಒಲೆಗೆ ತುರುಕಿದಳು. ಮೂರು ವರ್ಷ ಗಾಳಿಯಲ್ಲಿ ಹಿಡಿದು ಮುಗಿಸಲಾಗದೆ ಸೋತಿದ್ದಳು. ಮಣ್ಣಿನಲ್ಲಿ ಅವು ಕದಲಲೂ ಇಲ್ಲ.

ಎರಡನೆಯ ಬುಟ್ಟಿ ತುಂಬುವ ಹೊತ್ತಿಗೆ ಪಂಡಿತ ಹಿತ್ತಲಿಗೆ ಓಡಿ ಬಂದ. ಅವನ ಮುಖ ಬೆಳಗುತ್ತಿತ್ತು.

“ತೀರ್ಮಾನವಾಯಿತು ತಾಯಿ! ಹನ್ನೆರಡೂ ಹದಿನಾಲ್ಕೂ ಒಂದೇ ಜಾತಿ. ಕೆಲವದರಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಿವೆ, ಅಷ್ಟೆ.” ಆಮೇಲೆ ಬುಟ್ಟಿಯೊಳಗೆ ಬಗ್ಗಿ ನೋಡಿದ. “ಇದು ಯಾವ ಹುಳ?”

ಒಂದು ತಿಂಗಳಿಂದ ಅವಳು ಈತನಿಗೆಂದು ಎಷ್ಟೋ ಮಾತು ಕೂಡಿಟ್ಟಿದ್ದಳು. ಈಗ ಅವು ಬೇಕಾಗಲಿಲ್ಲ.

“ನೀವು ಎಣಿಸುತ್ತಿದ್ದದ್ದೇ, ಸ್ವಾಮಿ” ಎಂದಳು.

ಪಂಡಿತ ಒಂದನ್ನು ಅಂಗೈಯಲ್ಲಿಟ್ಟುಕೊಂಡ. ಚುಕ್ಕೆ ಹುಡುಕಿದ, ಇರಲಿಲ್ಲ. ಗಟ್ಟಿ ರೆಕ್ಕೆ ಹುಡುಕಿದ, ಇರಲಿಲ್ಲ. ಅವನು ಬಲ್ಲ ಒಂದು ಗುರುತೂ ಅದರ ಮೈಮೇಲೆ ಮೂಡಿರಲಿಲ್ಲ. ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಅವಳು ಅವನ ಸುತ್ತಲೇ ಅಗೆಯುವ ಕೆಲಸ ಮುಂದುವರಿಸಿದಳು. ಬುಟ್ಟಿಗಳು ಕೋಳಿಗಳ ಪಾಲಾದವು. ಮರುವರ್ಷ ಎರಡು ಮರ ಕಾಯಿ ಬಿಟ್ಟವು, ಅದರ ಮರುವರ್ಷ ಮೂರನೆಯದೂ ಬಿಟ್ಟಿತು. ಒಣಗಿದ ಮರ ಮಾತ್ರ ಚಿಗುರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕರಿಬಸವನಿಗೆ ತಡೆಯಲಾಗಲಿಲ್ಲ. ನಾನು ಕೇಳಿದ್ದು ಸಿಟ್ಟಿನ ಮಾತು, ಇವರು ಹೇಳಿದ್ದು ಹುಳದ ಮಾತು ಎಂದು ಅವನಿಗೆ ರೇಗಿತು. ದನಿ ತಾನಾಗಿ ಏರಿತು.

“ಹಾಗಾದರೆ ಪಂಡಿತ ಕಲಿತದ್ದೆಲ್ಲ ಸುಳ್ಳೇ? ನಾನು ಕಲಿತದ್ದೂ ಸುಳ್ಳೇ?”

“ಪಂಡಿತ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ” ಎಂದರು ಗುರುಗಳು. ಕರಿಬಸವ ಇನ್ನೇನೋ ಹೇಳಲು ಬಾಯಿ ತೆರೆದ.

“ನಿನಗೆ ಗೊತ್ತಿರುವ ಸಿಟ್ಟೆಲ್ಲ ರೆಕ್ಕೆ ಬಂದ ಮೇಲಿನದು, ಕರಿಬಸವ.”