ಅಕ್ಕನ ಸಾಲು

“ಗುರುಗಳೇ, ಮುಂದಿನ ವಾರ ನಮ್ಮ ಮನೆಯ ಗೃಹಪ್ರವೇಶ. ನನ್ನ ತಂಗಿಯ ಮಗು ತೀರಿಹೋಗಿ ಎರಡು ವರ್ಷವಾಯಿತು. ಮನೆಗೆ ಯಾರೇ ಬರಲಿ, ಅವಳು ಆ ಮಗುವಿನ ಮಾತು ತೆಗೆಯುತ್ತಾಳೆ. ಶುಭಕಾರ್ಯದ ದಿನವೊಂದಾದರೂ ಸುಮ್ಮನಿರು ಎಂದು ಅವಳಿಗೆ ಹೇಗೆ ಹೇಳಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಗಾಯಕಿ ಇದ್ದಳು. ನಾಡಿನಲ್ಲೆಲ್ಲ ಹೆಸರಾದವಳು. ಆದರೆ ಆ ಹೆಸರನ್ನು ಅವಳೊಬ್ಬಳೇ ಗಳಿಸಿದ್ದಲ್ಲ. ಇಪ್ಪತ್ತಾರು ವರ್ಷ ಅವಳೂ ಅವಳ ಅಕ್ಕನೂ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡಿದ್ದರು. ಪ್ರತಿ ಕಛೇರಿಯಲ್ಲೂ ಕೊನೆಯ ಮಂಗಳಕ್ಕೆ ಮೊದಲು, ತಾಯಿ ಮನೆಯಲ್ಲಿ ಕಲಿಸಿದ ಒಂದು ಹಾಡನ್ನು ಹಾಡುತ್ತಿದ್ದರು. ಅದಕ್ಕೆ ಮೃದಂಗವಿಲ್ಲ, ಪಿಟೀಲಿಲ್ಲ. ತಂಬೂರಿ ಮಾತ್ರ. ಒಂದು ಸಾಲು ಅಕ್ಕ ಹಾಡಬೇಕು, ಮರುಸಾಲು ತಂಗಿ ಹಾಡಬೇಕು. ಶುರುವಿನ ಸಾಲು ಅಕ್ಕನದು.

ಅಕ್ಕ ತೀರಿಕೊಂಡಳು. ಗಾಯಕಿ ಒಂದು ವರ್ಷ ಎಲ್ಲಿಯೂ ಹಾಡಲಿಲ್ಲ.

ಆಮೇಲೆ ಟಿವಿಯವರು ಬಂದರು. ದೀಪಾವಳಿಯ ಸಂಜೆ ಒಂದು ಗಂಟೆಯ ಕಛೇರಿ, ನೇರಪ್ರಸಾರ, ಹಾಡುಗಳ ಪಟ್ಟಿ ಮೊದಲೇ ಬೇಕು ಎಂದರು. ಗಾಯಕಿ ಒಪ್ಪಿದಳು. ಮನೆಮನೆಗೂ ಕಾಣುವ ಈ ಕಛೇರಿಯಲ್ಲಿ ಅಕ್ಕನ ಜಾಗ ಕಾಣದೆ ಹೋದರೆ ಮುಂದೆ ಎಂದೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಂಟು ಹಾಡುಗಳ ಪಟ್ಟಿ ಬರೆದಳು. ಏಳನೆಯದು ತಾಯಿ ಕಲಿಸಿದ ಹಾಡು, ಎಂಟನೆಯದು ಮಂಗಳ. ಏಳನೆಯದರ ಎದುರಿಗೆ, ‘ಹಾಡುವವರು: ಅಕ್ಕ ಮತ್ತು ನಾನು’ ಎಂದು ಬರೆದಳು.

ಕಾರ್ಯಕ್ರಮದ ನಿರ್ದೇಶಕ ಪಟ್ಟಿ ಹಿಡಿದುಕೊಂಡು ಅವಳ ಮನೆಗೆ ಬಂದ.

“ಅಮ್ಮಾ, ಅಕ್ಕನವರ ಸಾಲುಗಳನ್ನು ಯಾರು ಹಾಡುತ್ತಾರೆ?”

“ಯಾರೂ ಇಲ್ಲ. ಆ ಸಾಲು ಬಂದಾಗ ನಾನು ಸುಮ್ಮನಿರುತ್ತೇನೆ. ನನ್ನದು ಬಂದಾಗ ಹಾಡುತ್ತೇನೆ.”

“ಅಯ್ಯೋ, ಬಾಯಿ ಮುಚ್ಚಿ ಕೂತವರನ್ನು ತೋರಿಸಿದರೆ, ಟಿವಿ ಕೆಟ್ಟಿತೆಂದು ಜನ ಅದರ ತಲೆಗೆ ಬಡಿಯುತ್ತಾರೆ. ಅದೂ ಹಬ್ಬದ ದಿನ! ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ, ತುಂಬ ಚೆನ್ನಾಗಿ ಹಾಡುತ್ತಾಳೆ. ಪಕ್ಕದಲ್ಲಿ ಕೂರಿಸೋಣ.”

“ಚೆನ್ನಾಗಿ ಹಾಡಲಿ, ದೇವರು ಒಳ್ಳೆಯದು ಮಾಡಲಿ. ನನ್ನ ಪಕ್ಕದಲ್ಲಿ ಬೇಡ.”

“ಹಾಗಾದರೆ ಎರಡು ಸಾಲನ್ನೂ ನೀವೇ ಹಾಡಿಬಿಡಿ.”

“ಅಕ್ಕ ಬದುಕಿದ್ದಾಗ ಅವಳ ಸಾಲಿಗೆ ನಾನು ಬಾಯಿ ಹಾಕಿದವಳಲ್ಲಪ್ಪಾ. ಈಗ ಅವಳು ಬಯ್ಯಲಾರಳು ಎಂದು ಹಾಕಲೇ?”

ನಿರ್ದೇಶಕ ವಾದ ಮಾಡಲಿಲ್ಲ. ಟಿವಿ ಆಫೀಸಿಗೆ ಹೋಗಿ ಏಳನೆಯ ಹಾಡನ್ನು ಹೊಡೆದುಹಾಕಿದ. ಮಂಗಳ ಏಳನೆಯದಾಯಿತು. ಕೊನೆಯಲ್ಲಿ ಜನ ಚಪ್ಪಾಳೆ ತಟ್ಟಲಿ ಎಂದು, ಎಲ್ಲರ ಬಾಯಲ್ಲೂ ಇರುವ ಒಂದು ಜೋರಿನ ಹಾಡನ್ನು ಎಂಟನೆಯದಾಗಿ ಸೇರಿಸಿದ. ಪಟ್ಟಿಯನ್ನು ಸಹಿಗೆ ಕಳಿಸಿದ.

ಮಂಗಳ ಹಾಡಿದ ಮೇಲೆ ಕಛೇರಿ ಮುಗಿದಂತೆ. ಆಮೇಲೆ ಯಾರೂ ಹಾಡುವುದಿಲ್ಲ, ಕೇಳುವವರು ಎದ್ದು ಹೊರಡುತ್ತಾರೆ. ನಿರ್ದೇಶಕನಿಗೆ ಇದು ತಿಳಿಯದು. ಅವನ ಲೆಕ್ಕದಲ್ಲಿ ಮಂಗಳವೂ ಮೂರು ನಿಮಿಷದ ಒಂದು ಹಾಡು. ಗಾಯಕಿ ಪಟ್ಟಿಯನ್ನು ಎರಡು ಸಲ ಓದಿದಳು. ತಪ್ಪನ್ನು ತಿದ್ದಲಿಲ್ಲ. ಸಹಿ ಮಾಡಿದಳು.

ದೀಪಾವಳಿಯ ಸಂಜೆ ಅವಳು ಪಟ್ಟಿಯಲ್ಲಿದ್ದಂತೆಯೇ ಆರು ಹಾಡುಗಳನ್ನು ಹಾಡಿದಳು. ಏಳನೆಯದಾಗಿ ಮಂಗಳ ಹಾಡಿದಳು. ಸಭೆ ಕೈಮುಗಿದು ಎದ್ದಿತು. ಮೃದಂಗದವನು ಮೃದಂಗಕ್ಕೆ ಬಟ್ಟೆ ಹೊದಿಸಿದ. ಪಿಟೀಲಿನವನು ಕಮಾನನ್ನು ಕೆಳಗಿಟ್ಟ. ನಿರ್ದೇಶಕ ಗಾಬರಿಯಾಗಿ ವೇದಿಕೆಯ ಕೆಳಗಿನಿಂದ ಎಂಟು ಬೆರಳು ತೋರಿಸಿದ.

ಗಾಯಕಿ ಮೈಕಿನಲ್ಲಿ ಹೇಳಿದಳು: “ಮಂಗಳವಾಯಿತು. ಟಿವಿಯವರು ಕೇಳಿದ ಕಛೇರಿ ಮುಗಿಯಿತು. ಇನ್ನು ಇರುವುದು ನಮ್ಮ ಮನೆಯ ಹಾಡು. ಅಕ್ಕ ಶುರು ಮಾಡುತ್ತಾಳೆ.”

ಅವಳು ತೊಡೆಯ ಮೇಲೆ ತಾಳ ಹಾಕತೊಡಗಿದಳು. ಬಾಯಿ ತೆರೆಯಲಿಲ್ಲ. ತಂಬೂರಿ ನುಡಿಯುತ್ತಿತ್ತು. ಅಕ್ಕನ ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಕೈ ಮಾತ್ರ ಆಡಿತು. ಒಂದು ಪೆಟ್ಟು ಹೆಚ್ಚಲಿಲ್ಲ, ಒಂದು ಪೆಟ್ಟು ತಗ್ಗಲಿಲ್ಲ. ಅನಂತರ ತನ್ನ ಸಾಲು ಹಾಡಿದಳು. ಮತ್ತೆ ಸುಮ್ಮನಾದಳು, ಮತ್ತೆ ತಾಳ ಹಾಕಿದಳು.

ಆ ಮೂರನೆಯ ಸಾಲು ಮುಗಿಯುವ ಹೊತ್ತಿಗೆ ನಿರ್ದೇಶಕ ಓಡಿಹೋಗಿ ಪ್ರಸಾರ ತಡೆದ. ಮನೆಗಳಲ್ಲಿ ಅಡುಗೆ ಎಣ್ಣೆಯ ಜಾಹೀರಾತು ಬಂತು. ಕ್ಯಾಮೆರಾದ ಕೆಂಪು ದೀಪ ಆರಿದ್ದನ್ನು ಗಾಯಕಿ ನೋಡಿದಳು. ನಿಲ್ಲಿಸಲಿಲ್ಲ. ಎದ್ದವರಲ್ಲಿ ಕೆಲವರು ಹೊರಟುಹೋದರು, ಉಳಿದವರು ನಿಂತೇ ಕೇಳಿದರು. ಹದಿನಾರು ಸಾಲುಗಳನ್ನೂ ಮುಗಿಸಿ ಅವಳು ಎದ್ದಳು.

ನಿರ್ದೇಶಕ ಬೆವರು ಒರೆಸಿಕೊಳ್ಳುತ್ತ ಬಂದ.

“ಏನು ಸಾಧಿಸಿದಿರಿ ಅಮ್ಮಾ? ನಿಮ್ಮನ್ನು ಇನ್ನು ಯಾವ ಟಿವಿಯವರೂ ಕರೆಯುವುದಿಲ್ಲ. ಇಷ್ಟೆಲ್ಲ ಮಾಡಿ ಜನರಿಗೆ ಕಂಡದ್ದು ಮೂರೇ ಸಾಲು!”

“ಮೂರರಲ್ಲಿ ಎರಡು ಅಕ್ಕನದು,” ಎಂದಳು ಗಾಯಕಿ.

ಕತೆ ಇಲ್ಲಿಗೆ ನಿಂತಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಗುರುಗಳೇ, ಹಬ್ಬದ ದಿನ ಸಂತೋಷವಾಗಿರೋಣ ಎಂದು ಕೂತವರು ಏನು ತಪ್ಪು ಮಾಡಿದ್ದರು? ನಮ್ಮ ಮನೆಗೆ ಬರುವವರೂ ಅಂಥವರೇ. ಆ ಮಗುವಿನ ಮಾತು ಬಂದರೆ ಊಟ ಯಾರ ಗಂಟಲಲ್ಲಿ ಇಳಿಯುತ್ತದೆ?”

ಗುರುಗಳು ಹೇಳಿದರು: “ಇಷ್ಟು ಹೊತ್ತು ಮಾತಾಡಿದೆ, ಆ ಮಗುವಿನ ಹೆಸರನ್ನು ನೀನು ಒಮ್ಮೆಯೂ ಹೇಳಲಿಲ್ಲ.”