ಕಲ್ಲವ್ವ ಹೇಳಿದ ಆಟ

ಗೋವಾದ ಹೊಳೆಯಲ್ಲಿ ನಿಂತ ಕ್ಯಾಸಿನೋ ಹಡಗಿಗೆ ರಾಣೆಬೆನ್ನೂರಿನ ಸಾಹುಕಾರ ಕೊಟ್ರಬಸಪ್ಪ ಬಂದ. ಹತ್ತಿದವನೇ ಚಹಾ ಕೊಡುವ ಕಲ್ಲವ್ವನನ್ನು ಗದರಿಸಿದ.

"ಇಸ್ಪೀಟೋ, ಚಕ್ರವೋ? ಯಾವ ಆಟದಾಗ ಗೆಲುವು ಜಾಸ್ತಿ, ಹೇಳು. ಇಲ್ಲಂದ್ರ ನಿನ್ನ ಕೆಲಸ ಬಿಡಸ್ತೀನಿ!"

"ಹೇಳ್ತೀನ್ರಿ. ಆದ್ರ ನೀವು ಒಪ್ಪಂಗಿಲ್ಲ, ಬೇಕಾದ್ರ ಪಂಥ ಕಟ್ರಿ. ನಾ ಗೆದ್ರ ನನ್ನ ಕೆಲಸದ ಸುದ್ದಿಗೆ ಬರಬಾರದು."

"ಆತು, ಹೇಳು."

"ಯಾವ ಆಟಾನೂ ಆಡದಂಗ ಮನಿಗೆ ಹೋಗೋದ್ರಿ."

"ಹುಚ್ಚಿ, ಇದನ್ನ ಯಾರು ಒಪ್ಪತಾರ?"

"ಹಂಗಾರ ನಾ ಗೆದ್ದೆ."

"ಏ ತಡಿ, ಒಪ್ಪಿದೆ!"

"ಒಪ್ಪಿದ್ರ ಮನಿಗೆ ನಡೀರಿ, ದೋಣಿ ನಿಂತೈತಿ."

ಸಾಹುಕಾರ ದೋಣಿಯತ್ತ ಹೋದ, ತಿರುಗಿ ಬಂದ, ತಲೆ ಕೆರೆದುಕೊಂಡ. "ಯವ್ವಾ, ಈಗ ನಾ ಗೆದ್ದೀನೋ ಸೋತೀನೋ?"

ಕಲ್ಲವ್ವ ಚಹಾ ಮುಂದಿಟ್ಟಳು. "ಕಿಸೆ ಮುಟ್ಟಿ ನೋಡ್ಕೋರಿ. ನನ್ನ ಜೋಡಿ ವಾದಕ್ಕ ನಿಂತಾಗಿಂದ ಒಂದು ರೂಪಾಯಿನೂ ಹೋಗಿಲ್ಲ."